ಬ್ರೆನ್ ಕ್ಯಾರಿಯರ್: ತುಕ್ಕು ಬಿಡಿಸುವ ಮೊದಲು ಜಾತಕ ಜಾಲಾಡಿ

ನಮ್ಮ ಕ್ಯಾರಿಯರ್, ಅಂದರೆ ಎರಡನೆಯ ಮಹಾಯುದ್ಧದ ಕಾಲದ ಒಂದು ಸಣ್ಣ ಸೇನಾ ವಾಹನ, ಮೊದಲ ಸಲ ಕಣ್ಣಿಗೆ ಬಿದ್ದಾಗ ಅದರೊಳಗೆ ಎರಡು ಕೋಳಿಗಳು ಕಾವಿಗೆ ಕೂತಿದ್ದವು. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಒಂದು ಹೊಲದ ಕೊಟ್ಟಿಗೆ ಅದು. ಯುದ್ಧ ಮುಗಿದ ಮೇಲೆ ಸೇನೆ ಇಂಥ ವಾಹನಗಳನ್ನು ಬೇಡದ ಸಾಮಾನೆಂದು ಮಾರಿದಾಗ ಇಲ್ಲಿನ ರೈತರು ಕೊಂಡು ಉಳುಮೆಗೆ ಹಚ್ಚಿದರು. ನಮ್ಮದರ ಗತಿಯೂ ಅದೇ. ಮೇಲಿನ ಕವಚದ ತಟ್ಟೆಗಳನ್ನು ಗ್ಯಾಸ್ ಕಟ್ಟರ್‌ನಿಂದ ಕೊಯ್ದು ತೆಗೆದಿದ್ದರು, ಹಿಂದೆ ನೇಗಿಲಿಗೊಂದು ಕೊಕ್ಕೆ ಬೆಸೆದಿದ್ದರು, ಮೈಗೆಲ್ಲ ಟ್ರ್ಯಾಕ್ಟರಿನ ನೀಲಿ ಬಣ್ಣ ಬಳಿದಿದ್ದರು. ನಾನು ಮತ್ತು ಪಕ್ಕದ ಮನೆಯ ನಿವೃತ್ತ ಟ್ರ್ಯಾಕ್ಟರ್ ಮೆಕ್ಯಾನಿಕ್ ಇಬ್ಬರೂ ಸೇರಿ ಪಾಲಿನಲ್ಲಿ ಕೊಂಡೆವು. ಟ್ರೇಲರ್‌ನಿಂದ ಅದನ್ನು ಇಳಿಸುವಾಗ ನನ್ನ ಹೆಂಡತಿ ಬಾಗಿಲಿಗೆ ಬಂದು ನೋಡಿ, "ಇದಕ್ಕೆ ನೀವು ದುಡ್ಡು ಕೊಟ್ಟಿರೋ, ತೆಗೆದುಕೊಂಡು ಹೋಗಿ ಎಂದು ಅವರೇ ಕೊಟ್ಟರೋ?" ಎಂದು ಕೇಳಿದಳು.

ಅದು 2016. ಸ್ವಂತ ಶಕ್ತಿಯಲ್ಲಿ ಅದು ನಮ್ಮ ಅಂಗಳ ದಾಟಿದ್ದು 2022ರಲ್ಲಿ. ನಡುವಿನ ಆರು ವರ್ಷಗಳಲ್ಲಿ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂದು ಕಲಿತದ್ದನ್ನು ಬರೆಯುತ್ತಿದ್ದೇನೆ. ಎಷ್ಟು ಖರ್ಚಾಯಿತು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಹೆಂಡತಿಯೂ ಇದನ್ನು ಓದುತ್ತಾಳೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಜನ ಬ್ರೆನ್ ಕ್ಯಾರಿಯರ್ ಎಂದು ಕರೆಯುವ ಇದರ ಸರಿಯಾದ ಹೆಸರು ಯೂನಿವರ್ಸಲ್ ಕ್ಯಾರಿಯರ್. ಮೇಲೆ ಸೂರಿಲ್ಲದ ಕಬ್ಬಿಣದ ತೊಟ್ಟಿ, ಎರಡು ಬದಿಗೆ ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಉಕ್ಕಿನ ಕೊಂಡಿಗಳ ಪಟ್ಟಿ), ನಟ್ಟನಡುವೆ ಎಂಜಿನ್. ಉದ್ದ ಸುಮಾರು 12 ಅಡಿ, ತೂಕ ನಾಲ್ಕು ಟನ್‌ಗೆ ಸ್ವಲ್ಪ ಕಡಿಮೆ, ಕವಚದ ದಪ್ಪ 7ರಿಂದ 10 ಮಿಲಿಮೀಟರ್. ರೈಫಲ್ ಗುಂಡು ತಡೆದೀತು, ಅದಕ್ಕಿಂತ ದೊಡ್ಡದು ಬಂದರೆ ದೇವರೇ ಗತಿ. ಪದಾತಿ ಪಡೆಗೆ ಮೆಷಿನ್‌ಗನ್, ಗುಂಡು, ಗಾಯಾಳು, ಚಹಾದ ಪಾತ್ರೆ ಎಲ್ಲವನ್ನೂ ಹೊತ್ತ ಕತ್ತೆ ಇದು. ಬ್ರಿಟನ್, ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ತಯಾರಾದವು. ಅಷ್ಟು ತಯಾರಾದ ಕಾರಣಕ್ಕೇ ಇವತ್ತಿಗೂ ಕೊಟ್ಟಿಗೆಗಳಲ್ಲಿ ಸಿಗುತ್ತವೆ, ಅದೇ ಕಾರಣಕ್ಕೆ ಒಂದೊಂದರ ಕಥೆ ಪತ್ತೆ ಹಚ್ಚುವುದು ಕಷ್ಟ.

ಈಗ ಮೊದಲ ನಿಯಮ. ವಾಹನ ಮನೆಗೆ ಬಂದ ಮೇಲೆ ಮೂರು ತಿಂಗಳು ಅದನ್ನು ತೊಳೆಯಬೇಡಿ.

ನಾನು ತೊಳೆದೆ. ಬಂದ ಎರಡನೆಯ ದಿನವೇ, ಕೋಳಿ ಹಿಕ್ಕೆ ಹೋಗಲಿ ಎಂದು ಹಿಂದಿನ ತಟ್ಟೆಗೆ ಪ್ರೆಷರ್ ವಾಷರ್ ಹಿಡಿದೆ. ಹಿಕ್ಕೆಯ ಜೊತೆಗೆ ನೀಲಿ ಬಣ್ಣವೂ ಹಪ್ಪಳದ ಹಾಗೆ ಎದ್ದು ಹಾರಿತು, ಅದರ ಅಡಿಯಲ್ಲಿದ್ದ ಹಸಿರೂ ಹಾರಿತು. ಕಣ್ಣಿಗೆ ಹಿತವಾಗಿತ್ತು. ಕೊನೆಗೆ ನೆಲದ ಕಾಂಕ್ರೀಟಿನ ಮೇಲೆ ಬಿದ್ದ ಚೂರುಗಳಲ್ಲೊಂದರಲ್ಲಿ ಬಿಳಿಯ ಬಾಗಿದ ಗೆರೆ ಕಂಡಿತು, ಯಾವುದೋ ಅಂಕಿಯ ಹೊಟ್ಟೆ. ಮಂಡಿಯೂರಿ ಚರಂಡಿಯ ಜಾಲರಿಯವರೆಗೂ ಹುಡುಕಿದೆ. ಅಷ್ಟು ಹೊತ್ತಿಗೆ ಉಳಿದವು ನೀರಿನ ಜೊತೆ ಹೋಗಿದ್ದವು. ಅಲ್ಲಿದ್ದದ್ದು ವಾಹನದ ಯುದ್ಧಾನಂತರದ ನೋಂದಣಿ ಸಂಖ್ಯೆ. ನೇಗಿಲ ಕೊಕ್ಕೆಯ ಪಟ್ಟಿಯನ್ನು ಬಿಚ್ಚಿದಾಗ ಅದರ ಅಡಿಯಲ್ಲಿ ಒಂದು ವೈ ಅಕ್ಷರ ಮಾತ್ರ ಉಳಿದಿತ್ತು. ಬ್ರಿಟಿಷ್ ಸೇನೆ 1949ರಲ್ಲಿ ತನ್ನ ವಾಹನಗಳಿಗೆಲ್ಲ ಹೊಸ ಮಾದರಿಯ ಸಂಖ್ಯೆ ಕೊಟ್ಟಿತು: ಎರಡು ಅಂಕಿ, ಎರಡು ಅಕ್ಷರ, ಮತ್ತೆ ಎರಡು ಅಂಕಿ. ಯುದ್ಧಕಾಲದಿಂದ ಉಳಿದು ಬಂದ ವಾಹನಗಳಿಗೆ ವೈ ಅಥವಾ ಜೆಡ್‌ನಿಂದ ಶುರುವಾಗುವ ಅಕ್ಷರಗಳು. ಆ ಆರು ಗುರುತುಗಳಲ್ಲಿ ಒಂದು ನನ್ನ ಹತ್ತಿರ ಇದೆ, ಐದನ್ನು ನಾನೇ ಚರಂಡಿಗೆ ಬಿಟ್ಟೆ.

ಆದ್ದರಿಂದ ಮೊದಲು ಫೋಟೊ. ಪ್ರತಿ ತಟ್ಟೆಗೂ ಸಂಖ್ಯೆ ಕೊಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಹಗಲು ಬೆಳಕಿನಲ್ಲಿ ತೆಗೆಯಿರಿ. ಒಳಗಿನ ಕಸವನ್ನು ಬಕೆಟ್ಟಿಗೆ ತುಂಬಿ ಎಸೆಯಬೇಡಿ. ಎಡ ಮುಂದೆ, ಬಲ ಹಿಂದೆ ಎಂದು ಬೇರೆ ಬೇರೆ ಮಾಡಿ ಜರಡಿಯಲ್ಲಿ ಸೋಸಿ. ನಮಗೆ ಸಿಕ್ಕದ್ದು: ಕೋಳಿಗರಿ, ಚಿಲಕದ ತುಂಡು, ಮೂರು ಪೆನ್ನಿ, ಒಂದು ಚಮಚ, ನಾಲ್ಕು ಖಾಲಿ ತೋಟಾ. ಖಾಲಿಯಲ್ಲದ ತೋಟಾ ಸಿಕ್ಕರೆ, ಅಥವಾ ಖಾಲಿಯೋ ಅಲ್ಲವೋ ಎಂಬ ಅನುಮಾನವಿದ್ದರೂ, ಮುಟ್ಟದೆ ಪೊಲೀಸರಿಗೆ ಫೋನ್ ಮಾಡಿ. ಬ್ರೇಕಿನ ಲೈನಿಂಗ್, ಗ್ಯಾಸ್ಕೆಟ್, ಸೈಲೆನ್ಸರಿಗೆ ಸುತ್ತಿದ ಪಟ್ಟಿ ಇವುಗಳಲ್ಲಿ ಕಲ್ನಾರು ಇರುತ್ತದೆ, ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಒಣಗಿದ್ದನ್ನು ಉಜ್ಜಬೇಡಿ. ಒಳ್ಳೆಯ ಮುಖಕವಚ ಹಾಕಿಕೊಳ್ಳಿ, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಮಾಡುವ ಕೆಲಸ ಇದಲ್ಲ.

ಆಮೇಲೆ ಉಬ್ಬು ತಗ್ಗು ಹುಡುಕುವ ಕೆಲಸ. ತಯಾರಕರ ಹಿತ್ತಾಳೆ ಫಲಕ ಸಾಮಾನ್ಯವಾಗಿ ಇರುವುದಿಲ್ಲ, ಯಾರಾದರೂ ನೆನಪಿಗೆಂದು ಕಿತ್ತಿರುತ್ತಾರೆ. ಆದರೆ ಒಡಲಿನ ಸಂಖ್ಯೆಯನ್ನು ಉಕ್ಕಿಗೇ ಹೊಡೆದಿರುತ್ತಾರೆ. ಎಲ್ಲಿ ಎಂದರೆ, ಒಂದೊಂದು ಕಾರ್ಖಾನೆಯ ಫಿಟ್ಟರ್‌ಗಳಿಗೆ ಒಂದೊಂದು ಜಾಗ. ಮುಂದಿನ ಓರೆ ತಟ್ಟೆ, ಚಾಲಕನ ಮುಂದಿನ ಅಡ್ಡಗೋಡೆ, ಕೊಕ್ಕೆಯ ಬುಡ, ಎಲ್ಲ ಕಡೆ ಬೆರಳ ತುದಿಯಿಂದ ಸವರಿ ನೋಡಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಸಿಕ್ಕಿದ ಮೇಲೆ ತಂತಿ ಬ್ರಷ್ ಹಾಕಬೇಡಿ. ಸೀಮೆಸುಣ್ಣದ ಪುಡಿ ಸವರಿ ಒರೆಸಿದರೆ ತಗ್ಗಿನಲ್ಲಿ ಬಿಳಿ ಉಳಿದು ಅಂಕಿ ಓದಲು ಬರುತ್ತದೆ. ಚಕ್ರ ಹಿಡಿಯುವ ಎರಕದ ತೋಳುಗಳ ಮೇಲೆ ಎರಕದ ಮನೆಯ ಗುರುತು, ಕೆಲವೊಮ್ಮೆ ವರ್ಷ ಇರುತ್ತದೆ. ಆದರೆ ಒಂದು ಎಚ್ಚರಿಕೆ. ಕೆಟ್ಟ ವಾಹನಗಳನ್ನು ಸೇನೆಯ ವರ್ಕ್‌ಶಾಪುಗಳು ಬಿಚ್ಚಿ, ಹತ್ತು ವಾಹನದ ಭಾಗಗಳನ್ನು ಕಲಸಿ ಎಂಟು ವಾಹನ ಮಾಡಿ ಕಳಿಸುತ್ತಿದ್ದವು. ಎಂಜಿನ್ ಸಂಖ್ಯೆ ಎಂಜಿನ್‌ನ ಕಥೆ ಹೇಳುತ್ತದೆ ಅಷ್ಟೆ. ಒಡಲೇ ವಾಹನ.

ಇನ್ನು ಬಣ್ಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದೇ.

ಮಳೆ ಬಿಸಿಲು ತಾಗದ ಒಂದು ಜಾಗ ಆರಿಸಿಕೊಳ್ಳಿ, ಡಬ್ಬಿಯ ಹಿಡಿಕೆಯ ಹಿಂದೆ, ತಟ್ಟೆ ತಟ್ಟೆ ಸೇರುವ ಮೂಲೆಯಲ್ಲಿ. ನೀರಿನಲ್ಲಿ ನೆನೆಸಿದ 400 ನಂಬರಿನ ಉಪ್ಪುಕಾಗದವನ್ನು ಹೆಬ್ಬೆರಳಿಗೆ ಸುತ್ತಿಕೊಂಡು ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಗುಂಡಗೆ ತಿರುಗಿಸುತ್ತಾ ಹೋಗಿ. ನಡುವೆ ಉಕ್ಕು ಕಾಣುವಷ್ಟು ಆಳ, ಅಂಚಿಗೆ ಬರುತ್ತಾ ತೆಳು. ಕೊನೆಗೆ 1000 ನಂಬರಿನಿಂದ ನುಣುಪು ಮಾಡಿ, ನೀರು ಹನಿಸಿ ಭೂತಗನ್ನಡಿ ಹಿಡಿಯಿರಿ. ಈರುಳ್ಳಿ ಕೊಯ್ದಾಗ ಕಾಣುವಂತೆ ಬಳೆಬಳೆಯಾಗಿ ಬಣ್ಣದ ವಯಸ್ಸು ಕಾಣುತ್ತದೆ. ನಮ್ಮದರಲ್ಲಿ ಹೊರಗಿನಿಂದ ಒಳಕ್ಕೆ ಹೀಗಿತ್ತು: ರೈತನ ನೀಲಿ, ಅದರಡಿ ಹೊಳಪಿನ ಕಡುಹಸಿರು, ಅದರಡಿ ಮಂಕು ಆಲಿವ್, ಅದರಡಿ ತೆಳ್ಳಗೆ ಒಂದು ಕಂದು, ಕಟ್ಟಕಡೆಗೆ ಕೆಂಪು ಪ್ರೈಮರ್.

ಇದನ್ನು ಓದುವುದು ಹೇಗೆ? ಬ್ರಿಟನ್ನಿನ ನೆಲದಲ್ಲಿದ್ದ ಸೇನಾ ವಾಹನಗಳಿಗೆ 1942ರ ನಡುವಿನಿಂದ ಕಂದು ಬಣ್ಣ ಬಂತು, ಎಸ್‌ಸಿಸಿ 2 ಎಂದು ಅದರ ಹೆಸರು. ಹಸಿರು ಬಣ್ಣಕ್ಕೆ ಬೇಕಾದ ರಾಸಾಯನಿಕದ ಕೊರತೆ ಅದಕ್ಕೆ ಕಾರಣ. 1944ರ ಏಪ್ರಿಲ್‌ನಲ್ಲಿ ಆದೇಶ ಬದಲಾಗಿ ಎಸ್‌ಸಿಸಿ 15 ಎಂಬ ಆಲಿವ್ ಬಂತು, ಅಮೆರಿಕದಿಂದ ಬಂದ ವಾಹನಗಳ ಬಣ್ಣಕ್ಕೆ ಹೊಂದಲಿ ಎಂದು. ಹೊಳಪಿನ ಕಡುಹಸಿರು ಯುದ್ಧದ ನಂತರದ್ದು. ಹಾಗಾದರೆ ನಮ್ಮ ಕ್ಯಾರಿಯರ್ ಹುಟ್ಟಿದ್ದು 1942ರ ನಡುವಿಗೂ 1944ರ ವಸಂತಕ್ಕೂ ಮಧ್ಯೆ, ಮತ್ತು ಶಾಂತಿಕಾಲದಲ್ಲೂ ಸೇನೆಯಲ್ಲಿ ಕೆಲವು ವರ್ಷ ಇತ್ತು. ಒಂದೇ ಒಂದು ಕಾಗದ ನೋಡದೆ ಇಷ್ಟು ತಿಳಿಯಿತು. ಹೀಗೆ ಉಜ್ಜಿ ತೆರೆದ ಒಂದೇ ಕಿಟಕಿಯನ್ನು ನಂಬಬೇಡಿ, ಏಳೆಂಟು ಕಡೆ ತೆರೆಯಿರಿ. ಬೇರೆ ವಾಹನದಿಂದ ತಂದು ಹಾಕಿದ ತಟ್ಟೆಯಾದರೆ ಅದರ ಬಳೆಗಳು ಬೇರೆಯೇ ಇರುತ್ತವೆ. ನಮ್ಮ ಬಲಬದಿಯ ಹಿಂದಿನ ಪೆಟ್ಟಿಗೆ ಹಾಗೆಯೇ ಸಿಕ್ಕಿಬಿತ್ತು.

ಸಂಖ್ಯೆ ಓದಲು ರಾತ್ರಿ ಬೇಕು. ಹಳೆಯ ಬಿಳಿ ಅಂಕಿಗಳ ಮೇಲೆ ಎಷ್ಟೇ ಬಣ್ಣ ಬಳಿದರೂ ಕುಂಚದ ಅಂಚಿನ ಉಬ್ಬು ಉಳಿಯುತ್ತದೆ. ಶೆಡ್ಡಿನ ದೀಪ ಆರಿಸಿ, ಟಾರ್ಚನ್ನು ತಟ್ಟೆಗೆ ಕೆನ್ನೆ ಹಚ್ಚಿದ ಹಾಗೆ ಅಡ್ಡ ಹಿಡಿದು ನಿಧಾನವಾಗಿ ಸರಿಸಿ. ನವೆಂಬರಿನ ಒಂದು ಸಂಜೆ, ನೀಲಿ ಬಣ್ಣದ ಕೆಳಗಿನಿಂದ ನೆರಳಿನಂತೆ ಮೊದಲು ಟಿ ಎದ್ದು ಬಂತು, ಆಮೇಲೆ ಒಂದೊಂದಾಗಿ ಆರು ಅಂಕಿ. ಪಕ್ಕದ ಮನೆಯವರು ಟಾರ್ಚ್ ಹಿಡಿದರು, ನಾನು ಟ್ರೇಸಿಂಗ್ ಕಾಗದ ಅಂಟಿಸಿ ಪೆನ್ಸಿಲಿನಿಂದ ಗೆರೆ ಎಳೆದೆ. ಕೊನೆಯ ಅಂಕಿ 3 ಎಂದು ಅವರು, 8 ಎಂದು ನಾನು. ಎದುರು ಬದಿಯ ತಟ್ಟೆಯಲ್ಲಿ ಅದೇ ಜಾಗದಲ್ಲಿ ನೋಡಿದಾಗ ವ್ಯಾಜ್ಯ ತೀರಿತು. 3. ಅವರು ಇವತ್ತಿಗೂ ಅದನ್ನು ನೆನಪಿಸುತ್ತಾರೆ.

ಯುದ್ಧಕಾಲದ ಈ ಬ್ರಿಟಿಷ್ ಸಂಖ್ಯೆಯ ಮೊದಲ ಅಕ್ಷರಕ್ಕೆ ಅರ್ಥವಿದೆ. ಟಿ ಎಂದರೆ ಟ್ರ್ಯಾಕ್ ವಾಹನ, ಎಲ್ ಎಂದರೆ ಲಾರಿ, ಎಂ ಎಂದರೆ ಕಾರು ಜೀಪು, ಸಿ ಎಂದರೆ ಮೋಟರ್‌ಸೈಕಲ್. ಸಿಟಿ ಎಂದು ಜೋಡಿಯಾಗಿದ್ದರೆ ಕೆನಡಾ ಸೇನೆಯ ಟ್ರ್ಯಾಕ್ ವಾಹನ. ನಿಮ್ಮೂರಲ್ಲಿ ಯಾರ ಹತ್ತಿರವಾದರೂ ಯುದ್ಧಕಾಲದ ಜೀಪ್ ಇದ್ದರೆ ಟಾರ್ಚ್ ಮತ್ತು ಉಪ್ಪುಕಾಗದದ ಈ ವಿದ್ಯೆಯನ್ನು ಬಾನೆಟ್ಟಿನ ಪಕ್ಕೆಗಳ ಮೇಲೆ ಪ್ರಯೋಗಿಸಿ ನೋಡಬಹುದು.

ಈಗ ನಾನು ಹಳ್ಳಕ್ಕೆ ಬಿದ್ದ ಕಥೆ. ಆ ನಾಲ್ಕು ಖಾಲಿ ತೋಟಾಗಳ ಹಿಂಬದಿಯಲ್ಲಿ ಕೆ ಮತ್ತು ಎಫ್, ನಡುವೆ ಬಾಣದ ಗುರುತು ಇತ್ತು. ತೋಟಾದ ಹಿಂಬದಿ ಅದರ ಜನ್ಮಪತ್ರಿಕೆ ಇದ್ದ ಹಾಗೆ, ತಯಾರಿಸಿದವರ ಗುರುತು ಅಲ್ಲಿರುತ್ತದೆ. ಕೆಎಫ್ ಎಂದರೆ ಪುಣೆಯ ಪಕ್ಕದ ಖಡ್ಕಿ, ಆಗಿನ ಕಿರ್ಕಿ ಕಾರ್ಖಾನೆ. ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯ ಕ್ಯಾಂಪಿನ ಅಂಚಿನಲ್ಲಿ. ಮರಾಠಾ ರೆಜಿಮೆಂಟಿನ ಕಹಳೆ ಕೇಳಿ ಎದ್ದು ಶಾಲೆಗೆ ಹೋದವನು. ಆ ರೆಜಿಮೆಂಟಿನ ಪಟಾಲಮುಗಳು ಇಟಲಿಯಲ್ಲಿ ಹೋರಾಡಿದ್ದವು. 1945ರ ಏಪ್ರಿಲ್ 9ರಂದು ಸೇನಿಯೊ ನದಿಯ ದಂಡೆಯಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿದ ಸಿಪಾಯಿ ನಾಮದೇವ ಜಾಧವ ಆ ರೆಜಿಮೆಂಟಿನವನೇ. ತೋಟಾ ನೋಡಿದ್ದೇ ತಡ, ಬೆಳಗಾವಿಯಲ್ಲಿ ತರಬೇತಾದ ಹುಡುಗರು ನನ್ನ ಕ್ಯಾರಿಯರ್‌ನಲ್ಲಿ ಕೂತು ಇಟಲಿಯ ಕೆಸರಿನಲ್ಲಿ ಹೋಗುತ್ತಿರುವ ಚಿತ್ರ ತಲೆಯಲ್ಲಿ ಕೂತುಬಿಟ್ಟಿತು. ಎರಡು ವರ್ಷ ಆ ಚಿತ್ರಕ್ಕೆ ಪುರಾವೆ ಹುಡುಕಿದೆ. ಬಣ್ಣದ ಬಳೆಗಳು ಎದುರಿಗೇ ಬೇರೆ ಹೇಳುತ್ತಿದ್ದವು. ಮೆಡಿಟರೇನಿಯನ್ ಕಡೆಯ ವಾಹನಗಳಿಗೆ ತಿಳಿ ಮಣ್ಣಿನ ಬಣ್ಣ ಬಳಿಯುತ್ತಿದ್ದರು, ಅದರ ಸುಳಿವೇ ನಮ್ಮದರಲ್ಲಿ ಇರಲಿಲ್ಲ. ಉಜ್ಜಿ ತೆಗೆದಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ದಿನ ವಾಹನ ಮಾರಿದ ರೈತನ ಮನೆಗೆ ಚಹಾಕ್ಕೆ ಹೋದಾಗ ಆ ತೋಟಾಗಳನ್ನು ತೋರಿಸಿದೆ. ಆತ ನಕ್ಕ. ಅವನ ತಂದೆ ಯುದ್ಧದಲ್ಲಿ ಇಟಲಿಯಲ್ಲಿದ್ದವನು. ತೋಟಾ, ಗುಂಡಿ, ನಾಣ್ಯ ಎಂದು ಒಂದು ಬಿಸ್ಕೆಟ್ ಡಬ್ಬಿಯ ತುಂಬ ನೆನಪು ಹೊತ್ತು ತಂದಿದ್ದ. ಮಕ್ಕಳು ಕ್ಯಾರಿಯರ್‌ನಲ್ಲಿ ಯುದ್ಧದಾಟ ಆಡುವಾಗ ಆ ಡಬ್ಬಿಯನ್ನು ಅಲ್ಲಿಗೇ ಒಯ್ಯುತ್ತಿದ್ದರಂತೆ. ತೋಟಾ ಇಟಲಿ ನೋಡಿತ್ತು, ಕ್ಯಾರಿಯರ್ ನೋಡಿರಲಿಲ್ಲ. ಚಮಚ ಅವರ ಅಡುಗೆಮನೆಯದು. ಅದನ್ನು ವಾಪಸ್ಸು ಕೊಟ್ಟು ಬಂದೆ. ಅದೇ ಮಾತಿನಲ್ಲಿ ಇನ್ನೊಂದು ಲಾಭವಾಯಿತು. ಹೊಲದ ಹಳೆಯ ಲೆಕ್ಕದ ಪುಸ್ತಕದಲ್ಲಿ ಕ್ಯಾರಿಯರ್ ಕೊಂಡ ಬಾಬ್ತು 1957 ಎಂದು ಇತ್ತು. ಆದ್ದರಿಂದ ಕಡತಕ್ಕೆ ಹೋಗುವ ಮೊದಲು ಮಾರಿದವರ ಮನೆಯಲ್ಲಿ ಎರಡು ಸಲ ಚಹಾ ಕುಡಿಯಿರಿ. ನಾನು ಎರಡು ವರ್ಷ ತಡವಾಗಿ ಕುಡಿದೆ.

ಕಡತಗಳು ಎರಡು ಊರಿನಲ್ಲಿವೆ. ಡಾರ್ಸೆಟ್‌ನ ಬೊವಿಂಗ್ಟನ್‌ನಲ್ಲಿ ಟ್ಯಾಂಕ್ ಮ್ಯೂಸಿಯಮ್ ಇದೆ. ಅದರ ದಾಖಲೆ ವಿಭಾಗಕ್ಕೆ ನಿಮ್ಮ ಟಿ ಸಂಖ್ಯೆ, ಒಡಲ ಸಂಖ್ಯೆ, ಫೋಟೊಗಳನ್ನು ಕಳಿಸಿ ಕೇಳಬೇಕು. ಯುದ್ಧಕಾಲದ ಸಂಖ್ಯೆಗಳನ್ನು ಗುತ್ತಿಗೆಯ ಪ್ರಕಾರ ಸಾಲಾಗಿ ಹಂಚುತ್ತಿದ್ದರು. ಇಂಥ ಅಂಕಿಯಿಂದ ಇಂಥ ಅಂಕಿಯವರೆಗೆ ಇಂಥ ಕಾರ್ಖಾನೆ ಎಂದು ಇರುತ್ತದೆ. ನಿಮ್ಮದು ಯಾವ ಸಾಲಿನಲ್ಲಿ ಬೀಳುತ್ತದೆ ಎಂದು ತಿಳಿದರೆ ತಯಾರಕರು ಸಿಕ್ಕಂತೆ. ಅದಕ್ಕಿಂತ ಮುಂದೆ, ಯಾವ ಪಟಾಲಮಿಗೆ ಹೋಯಿತು ಎಂಬುದಕ್ಕೆ ವಾಹನದ ಲಾಗ್‌ಬುಕ್ ಬೇಕು, ಅದು ಉಳಿದಿರುವುದು ಅಪರೂಪ.

ಎರಡನೆಯದು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರ. ಪ್ರತಿ ಪಡೆಯೂ ಬರೆದ ಯುದ್ಧ ದಿನಚರಿಗಳು ಅಲ್ಲಿವೆ. ಬ್ರಿಟನ್ನಿನೊಳಗೆ ಇದ್ದ ಪಡೆಗಳದು ಡಬ್ಲ್ಯುಒ (ವಾರ್ ಆಫೀಸ್) 166 ಎಂಬ ಸರಣಿ, ನಾರ್ಮಂಡಿಯಿಂದ ಜರ್ಮನಿಯವರೆಗೆ ಹೋದವರದು ಡಬ್ಲ್ಯುಒ 171, ಬರ್ಮಾ ಕಡೆಯದು ಡಬ್ಲ್ಯುಒ 172. ಓದುಗರ ಚೀಟಿ ಮಾಡಿಸಿಕೊಂಡು ಹೋಗಿ, ಪೆನ್ಸಿಲ್ ಒಯ್ಯಿರಿ, ಪೆನ್ನು ಒಳಗೆ ಬಿಡುವುದಿಲ್ಲ. ನಿಮ್ಮದೇ ಕ್ಯಾಮೆರಾದಲ್ಲಿ ಪುಟಗಳ ಫೋಟೊ ತೆಗೆಯಬಹುದು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ದಿನಚರಿಯಲ್ಲಿ ವಾಹನದ ಸಂಖ್ಯೆ ಇರುವುದಿಲ್ಲ. ಸ್ಥಳ, ದಿನಾಂಕ, ವೇಳೆ, ಘಟನೆಯ ಸಾರ ಎಂಬ ಕಲಮುಗಳು. ಕ್ಯಾರಿಯರ್ ಬಂದರೂ ಇಷ್ಟು ಬಂದವು, ಇಷ್ಟು ನೆಲಬಾಂಬಿಗೆ ಹೋದವು ಎಂಬ ಲೆಕ್ಕದಲ್ಲಿ ಬರುತ್ತದೆ. ಹಸುವಿನ ಹೆಸರು ಹುಡುಕಲು ಹಾಲಿನ ಡೈರಿಯ ಲೆಕ್ಕ ತೆರೆದ ಹಾಗೆ. ಪಡೆಯ ಹೆಸರು ಬೇರೆ ಕಡೆಯಿಂದ ಸಿಕ್ಕಿದ ಮೇಲಷ್ಟೇ ಇದರಿಂದ ಪ್ರಯೋಜನ. ಅದಕ್ಕಿಂತ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಯುದ್ಧಕಾಲದ ಫೋಟೊಗಳಲ್ಲಿ ಅದೃಷ್ಟ ಪರೀಕ್ಷಿಸಬಹುದು. ಕ್ಯಾರಿಯರ್‌ಗಳ ಪಕ್ಕದ ಸಂಖ್ಯೆ ಓದಲು ಬರುವ ಚಿತ್ರಗಳು ಎಷ್ಟೋ ಇವೆ. ನಾನು ಒಂದು ಚಳಿಗಾಲ ಪೂರ್ತಿ ನೋಡಿದೆ. ನನ್ನ ಸಂಖ್ಯೆಗೆ ಹತ್ತಿರದ್ದು ಒಂದು ಸಿಕ್ಕಿತು, ನನ್ನದು ಸಿಗಲಿಲ್ಲ.

ಇಷ್ಟಾದ ಮೇಲೆ ಸ್ಪ್ಯಾನರ್ ಹಿಡಿಯಿರಿ.

ಕ್ಯಾರಿಯರ್‌ನಲ್ಲಿ ಕಾರಿನಂತೆ ಸ್ಟಿಯರಿಂಗ್ ಚಕ್ರ ಇದೆ, ಅದರ ವಿದ್ಯೆ ವಿಚಿತ್ರ. ಪ್ರತಿ ಬದಿಗೂ ಮೂರು ಚಕ್ರ, ಮುಂದೆ ಜೋಡಿ, ಹಿಂದೆ ಒಂಟಿ. ಎರಡೂ ಬದಿಯ ಮುಂದಿನ ಜೋಡಿಗಳನ್ನು ಒಡಲಿನ ಅಡ್ಡಕ್ಕೆ ಹಾದುಹೋಗುವ ಒಂದು ದಪ್ಪ ಕೊಳವೆ ಹಿಡಿದಿರುತ್ತದೆ. ಸ್ಟಿಯರಿಂಗನ್ನು ಸ್ವಲ್ಪ ತಿರುಗಿಸಿದರೆ ಈ ಕೊಳವೆ ಪಕ್ಕಕ್ಕೆ ಜರುಗುತ್ತದೆ, ಟ್ರ್ಯಾಕ್ ಬಿಲ್ಲಿನಂತೆ ಬಾಗುತ್ತದೆ, ವಾಹನ ನಿಧಾನವಾಗಿ ಹೊರಳುತ್ತದೆ. ಇನ್ನೂ ತಿರುಗಿಸಿದರೆ ಒಳಬದಿಯ ಟ್ರ್ಯಾಕಿಗೆ ಬ್ರೇಕ್ ಬೀಳುತ್ತದೆ. ಗಾಡಿ ತಿರುಗಿಸುವಾಗ ಒಳಗಿನ ಎತ್ತನ್ನು ಹಿಡಿದು ಹೊರಗಿನದನ್ನು ಬಿಡುತ್ತೇವಲ್ಲ, ಅದೇ ಲೆಕ್ಕ. ದಶಕಗಟ್ಟಲೆ ನಿಂತ ಕ್ಯಾರಿಯರ್‌ನಲ್ಲಿ ಈ ಅಡ್ಡಕೊಳವೆ ಹಿಡಿದುಕೊಂಡಿರುತ್ತದೆ.

ನಮ್ಮದು ಹಿಡಿದುಕೊಂಡದ್ದಲ್ಲ, ಬೆಸೆದುಕೊಂಡಿತ್ತು. ಅವಸರದವರು ಇಲ್ಲಿ ದೊಡ್ಡ ಸುತ್ತಿಗೆ ತೆಗೆದು ಎರಕದ ಕಿವಿ ಮುರಿಯುತ್ತಾರೆ. ನಾವು ಮೊದಲು ತೂಕ ಇಳಿಸಿದೆವು. ಒಡಲನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿ ಚಕ್ರ ಬಿಚ್ಚಿದೆವು. ಜಾಕಿನ ಮೇಲೆ ನಂಬಿಕೆ ಇಟ್ಟು ಅಡಿಗೆ ತೂರಬೇಡಿ, ದಿಮ್ಮಿ ಕೊಟ್ಟೇ ತೂರಿ. ಅಸಿಟೋನ್ ಮತ್ತು ಗೇರ್‌ಬಾಕ್ಸ್‌ನ ತೆಳು ಎಣ್ಣೆ ಸಮಸಮ ಬೆರೆಸಿ, ಕೊಳವೆಯ ಸುತ್ತ ಜೇಡಿಮಣ್ಣಿನ ಬದು ಕಟ್ಟಿ ತುಂಬಿಸಿದೆವು. ದಿನಕ್ಕೊಮ್ಮೆ ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಿಂದ ಇಪ್ಪತ್ತು ಸಣ್ಣ ಏಟು, ಇತ್ತಲಿಂದ ಹತ್ತು, ಅತ್ತಲಿಂದ ಹತ್ತು. ಮೂರನೆಯ ವಾರ ಎಣ್ಣೆ ಪೂರ್ತಿ ಒರೆಸಿ ಆರಲು ಬಿಟ್ಟು ಹೊರಗಿನ ತೋಳಿಗೆ ಗ್ಯಾಸ್ ಜ್ವಾಲೆಯ ಶಾಖ ಕೊಟ್ಟೆವು. ಅಸಿಟೋನ್ ಹಸಿಯಿರುವಾಗ ಬೆಂಕಿ ಹತ್ತಿರ ತಂದರೆ ಶೆಡ್ಡೂ ಇರುವುದಿಲ್ಲ, ನೀವೂ ಇರುವುದಿಲ್ಲ. ಕಾದ ತೋಳು ತಣಿಯುವ ಮೊದಲು ಎರಡು ಜಾಕ್‌ಗಳನ್ನು ಅಡ್ಡ ಇಟ್ಟು ಒತ್ತಡ ಕೊಟ್ಟು ಮನೆಗೆ ಹೋದೆವು. ಊಟಕ್ಕೆ ಕೂತಾಗ ಶೆಡ್ಡಿನಿಂದ ತೆಂಗಿನಕಾಯಿ ಒಡೆದಂತೆ ಒಂದು ಸದ್ದು. ಓಡಿ ಹೋಗಿ ನೋಡಿದರೆ ಕೊಳವೆ ಕಾಲಿಂಚು ಜರುಗಿತ್ತು. ತುಕ್ಕಿನ ಗೆರೆಯ ಪಕ್ಕದಲ್ಲಿ ಹೊಳೆಯುವ ಉಕ್ಕಿನ ಹೊಸ ಬಳೆ. ಆ ಕಾಲಿಂಚಿನ ಫೋಟೊ ಇವತ್ತೂ ನನ್ನ ಮೊಬೈಲಿನ ಪರದೆಯ ಮೇಲಿದೆ.

ಎಂಜಿನ್ ಫೋರ್ಡಿನ ಸೈಡ್‌ವಾಲ್ವ್ ವಿ8, 85 ಅಶ್ವಶಕ್ತಿ. ಸರಳ, ಗಟ್ಟಿ, ಆದರೆ ಬೇಗ ಕಾಯುತ್ತದೆ. ಹೊಗೆ ಹೋಗುವ ದಾರಿ ಬ್ಲಾಕಿನ ನೀರಿನ ಕೋಣೆಯ ನಡುವೆಯೇ ಹಾದು ಹೋಗುವುದರಿಂದ ಹೊಗೆಯ ಶಾಖವೆಲ್ಲ ನೀರಿಗೆ. ಮೊದಲು ಸಿಲಿಂಡರ್‌ಗಳಿಗೆ ಎಣ್ಣೆ ಬಿಟ್ಟು ವಾರ ಕಾಯಿರಿ, ಆಮೇಲೆ ಕೈಯಿಂದ ತಿರುಗಿಸಿ ನೋಡಿ. ಹೆಡ್ ಬಿಚ್ಚಿ ವಾಲ್ವ್ ಕೂರುವ ಜಾಗ ಮತ್ತು ಸಿಲಿಂಡರಿನ ನಡುವೆ ಬಿರುಕು ಹುಡುಕಿ, ಈ ಎಂಜಿನ್‌ಗಳು ಸೀಳುವುದು ಅಲ್ಲಿಯೇ. ನೀರಿನ ಕೋಣೆಯಿಂದ ನಾವು ತುಕ್ಕಿನ ಕೆಸರನ್ನು ಬೋಗುಣಿಗಟ್ಟಲೆ ತೆಗೆದೆವು. ಹಳೆಯ ರಬ್ಬರ್ ಕೊಳವೆಗಳನ್ನು ಒಂದನ್ನೂ ಉಳಿಸಿಕೊಳ್ಳಬೇಡಿ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಇದೆ, ಅದು ಹಳೆಯ ರಬ್ಬರನ್ನು ತಿನ್ನುತ್ತದೆ.

ಸಣ್ಣ ಭಾಗಗಳ ತುಕ್ಕಿಗೆ ಬ್ಯಾಟರಿ ಚಾರ್ಜರ್ ಸಾಕು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ಕರಗಿಸಿ, ಭಾಗಕ್ಕೆ ಋಣ ತಂತಿ, ಗುಜರಿ ಕಬ್ಬಿಣದ ತುಂಡಿಗೆ ಧನ ತಂತಿ. ಸ್ಟೇನ್‌ಲೆಸ್ ತುಂಡು ಬೇಡ, ನೀರು ವಿಷವಾಗುತ್ತದೆ. ಜಲಜನಕ ಏಳುವುದರಿಂದ ಬಯಲಲ್ಲಿ ಮಾಡಿ.

ಟ್ರ್ಯಾಕಿನ ಕೊಂಡಿಗಳಲ್ಲಿ ಪಿನ್ನಿನ ತೂತು ಸವೆದು ಮೊಟ್ಟೆಯಾಕಾರ ಆಗಿರುತ್ತದೆ. ಹತ್ತು ಕೊಂಡಿಗಳನ್ನು ಎಳೆದು ಹಿಡಿದು ಉದ್ದ ಅಳೆದು ಹೊಸದರ ಜೊತೆ ಹೋಲಿಸಿ. ಮುಂದಿನ ಚಕ್ರ ಸರಿಸಿ ಬಿಗಿ ಮಾಡುವ ಅವಕಾಶ ಮುಗಿದ ಮೇಲೆ ಒಂದು ಕೊಂಡಿ ತೆಗೆಯಬೇಕು. ಚಕ್ರಗಳ ರಬ್ಬರ್ ಸುತ್ತನ್ನು ಹೊಸದಾಗಿ ಎರಕ ಹಾಕಿಸುವುದು ಮನೆಯ ಕೆಲಸವಲ್ಲ, ಕಸುಬಿನವರಿಗೆ ಕೊಡಿ.

ಕೊಯ್ದು ಹೋದ ಕವಚದ ಬದಲಿಗೆ ಸಾಧಾರಣ ಉಕ್ಕಿನ ತಟ್ಟೆ ಹಾಕಿದೆವು. ಇನ್ನು ಯಾರೂ ಇದರ ಮೇಲೆ ಗುಂಡು ಹಾರಿಸುವುದಿಲ್ಲ. ಹಳೆಯ ಕವಚಕ್ಕೆ ಬೆಸುಗೆ ಹಾಕುವಲ್ಲಿ ಮಾತ್ರ ತಟ್ಟೆ ಬಿಸಿ ಮಾಡಿಕೊಂಡು, ಒಣಗಿಸಿದ ಕಡಿಮೆ ಜಲಜನಕದ ಕಡ್ಡಿ ಬಳಸಿ, ಇಲ್ಲದಿದ್ದರೆ ಬೆಸುಗೆಯ ಅಂಚು ಬಿರಿಯುತ್ತದೆ. ಪ್ರತಿ ಹೊಸ ತಟ್ಟೆಯ ಒಳಮೈಗೆ ನಾವು 2019 ಎಂದು ಅಚ್ಚು ಹೊಡೆದಿದ್ದೇವೆ. ಐವತ್ತು ವರ್ಷದ ನಂತರ ಯಾರೋ ಉಪ್ಪುಕಾಗದ ಹಿಡಿದು ಬಂದಾಗ ಅವರಿಗೆ ಮೋಸವಾಗಬಾರದು. ಹಾಗೆಯೇ ಚಾಲಕನ ಬೆನ್ನಹಿಂದೆ ಒಂದು ಅಂಗೈಯಗಲ ಜಾಗದಲ್ಲಿ ಹಳೆಯ ಬಣ್ಣದ ಬಳೆಗಳನ್ನು ಹಾಗೆಯೇ ಬಿಟ್ಟು ಮೇಲೆ ವಾರ್ನಿಷ್ ಹಾಕಿದ್ದೇವೆ.

ಹೊರಗೆ ಯಾವ ಬಣ್ಣ ಎಂಬ ಪ್ರಶ್ನೆಗೆ ಪಕ್ಕದ ಮನೆಯವರಿಗೂ ನನಗೂ ಮತ್ತೆ ವ್ಯಾಜ್ಯವಾಯಿತು. 1944ರ ಆಲಿವ್‌ಗೆ ಒಪ್ಪಿದೆವು. ಟಿ ಸಂಖ್ಯೆಯನ್ನು ಟ್ರೇಸಿಂಗ್ ಕಾಗದದ ಗೆರೆಗಳ ಮೇಲೆಯೇ, ಅದೇ ಜಾಗಕ್ಕೆ, ಕೈಯಿಂದ ಬರೆದೆ. ಪಡೆಯ ಗುರುತು ಹಾಕಲಿಲ್ಲ. ಮುಂದಿನ ತಟ್ಟೆಯಲ್ಲಿ ಒಂದು ಚೌಕದ ಉಬ್ಬು ಟಾರ್ಚಿಗೆ ಕಂಡಿತ್ತು, ಒಳಗಿನ ಅಂಕಿಯನ್ನು ಮಾತ್ರ ಯಾರೋ ಸೇನೆಯಲ್ಲಿರುವಾಗಲೇ ಚೆನ್ನಾಗಿ ಉಜ್ಜಿದ್ದರು. ಪ್ರದರ್ಶನಗಳಿಗೆ ಹೋದರೆ ಹತ್ತು ವಾಹನಗಳಲ್ಲಿ ಆರಕ್ಕೆ 7ನೇ ಆರ್ಮರ್ಡ್ ಡಿವಿಷನ್ನಿನ ಕೆಂಪು ಇಲಿ ಇರುತ್ತದೆ. ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಅಷ್ಟು ಇಲಿಗಳಿದ್ದರೆ ಜರ್ಮನ್ ಸೇನಾನಿ ರೊಮ್ಮೆಲ್ ಮೊದಲ ವಾರವೇ ಮನೆಗೆ ಹೋಗುತ್ತಿದ್ದ. ನಿಮಗೆ ಪುರಾವೆ ಇಲ್ಲದಿದ್ದರೆ ಚೌಕವನ್ನು ಖಾಲಿ ಬಿಡಿ. ಜನ ಕೇಳುತ್ತಾರೆ, ಆಗ ಚರಂಡಿಯ ಕಥೆ ಹೇಳಬಹುದು.

ಓಡಿಸಲು ಇಲ್ಲಿ ಎಚ್ ವರ್ಗದ ಪರವಾನಗಿ ಬೇಕು. ಮೊದಲ ದಿನ ಗಂಟೆಗೆ ಹತ್ತು ಮೈಲಿ ದಾಟಬೇಡಿ, ಅರ್ಧ ಮೈಲಿಗೊಮ್ಮೆ ನಿಲ್ಲಿಸಿ ಚಕ್ರದ ಗುಂಬಗಳನ್ನು ಕೈಯಿಂದ ಮುಟ್ಟಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಿದ್ದರೆ ಬೇರಿಂಗ್ ಕೂಗುತ್ತಿದೆ ಎಂದು ಅರ್ಥ.

ಬೊವಿಂಗ್ಟನ್‌ನಿಂದ ಉತ್ತರ ಬಂದದ್ದು ಬಣ್ಣ ಬಳಿಯುವ ವಾರವೇ. ನಮ್ಮ ಸಂಖ್ಯೆ ಬಿದ್ದ ಸಾಲು ಗ್ರಾಂಥಮ್ ಊರಿನ ಆವೆಲಿಂಗ್ ಬಾರ್ಫರ್ಡ್ ಕಂಪನಿಯದು. ಇಟಲಿ ಎಂದು ನಾನು ಹುಡುಕಿದ ವಾಹನ ಹುಟ್ಟಿದ್ದು ಕೋಳಿಗಳು ಕಾವಿಗೆ ಕೂತಿದ್ದ ಅದೇ ಜಿಲ್ಲೆಯಲ್ಲಿ. ಆವೆಲಿಂಗ್ ಬಾರ್ಫರ್ಡ್ ಎಂದರೆ ರಸ್ತೆಯ ರೋಲರ್ ಮಾಡುತ್ತಿದ್ದ ಕಂಪನಿ. ಯುದ್ಧ ಬಂದಾಗ ಕ್ಯಾರಿಯರ್ ಮಾಡಿತು. ಹೆಸರು ಓದಿದಾಗ ಮುಂಗಾಲು ಎತ್ತಿ ನಿಂತ ಹಿತ್ತಾಳೆಯ ಕುದುರೆಯೊಂದು ಕಣ್ಣ ಮುಂದೆ ಬಂತು. ನಮ್ಮ ಶಾಲೆಯ ದಾರಿಯಲ್ಲಿ ಡಾಂಬರು ಹಾಕುವಾಗ ತಿಂಗಳುಗಟ್ಟಲೆ ನಿಂತಿರುತ್ತಿದ್ದ ರೋಲರ್‌ನ ನೆತ್ತಿಯ ಮೇಲೆ ಅದು ಇತ್ತು, ನಾವು ಹುಡುಗರು ಅದನ್ನು ಹಿಡಿದು ಜೋತಾಡುತ್ತಿದ್ದೆವು. ಬೆಳಗಾವಿಯಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಆ ರೋಲರ್ ಇನ್ನೂ ಇದೆಯೇ ನೋಡಣ್ಣ, ಕುದುರೆ ಇದ್ದರೆ ಫೋಟೊ ಕಳಿಸು ಎಂದೆ. ಎರಡು ವಾರದ ನಂತರ ಫೋಟೊ ಬಂತು. ಒಂದು ಅಂಗಳದ ಮೂಲೆಯಲ್ಲಿ ಲಂಟಾನದ ಪೊದೆ, ಅದರೊಳಗೆ ತುಕ್ಕಿನ ಉರುಳೆ. ಕುದುರೆ ಇರಲಿಲ್ಲ, ಅದನ್ನು ಯಾರೋ ಕಿತ್ತಿದ್ದರು. ನಾಲ್ಕು ಬೋಲ್ಟಿನ ತೂತುಗಳು ಮಾತ್ರ ಇದ್ದವು. ಅಣ್ಣನಿಗೆ ಮತ್ತೆ ಬರೆದೆ: ಉಜ್ಜಬೇಡ, ತೊಳೆಯಬೇಡ, ಮುಂದಿನ ಸಲ ಹೋದಾಗ ರಾತ್ರಿ ಒಂದು ಟಾರ್ಚ್ ತೆಗೆದುಕೊಂಡು ಹೋಗು.